ಬಾಗಿಲೋ ಲಾರಿಯೋ

ಅವತ್ತು ಅಮಾವಾಸ್ಯೆ. ಶಿಕಾರಿಪುರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅಮಾವಾಸ್ಯೆಯ ದಿನ ಅದನ್ನು ಓಡಿಸುವುದಿಲ್ಲ. ಬೆಳಿಗ್ಗೆ ಕಲ್ಲು, ಡಬ್ಬಿ, ಬೆಲ್ಟು ಎಲ್ಲದರ ಮೇಲೆ ಕೂತ ಹಿಟ್ಟನ್ನು ಒರೆಸಿ, ಮೋಟರಿಗೆ ವಿಭೂತಿ ಹಚ್ಚಿ ಹೂವಿಟ್ಟು, ನಿಂಬೆಹಣ್ಣು ಕೊಯ್ದು ಕುಂಕುಮ ತುಂಬಿ ಹೊಸ್ತಿಲಿನ ಎರಡು ಬದಿಗೆ ಇಟ್ಟರೆ ಆ ದಿನದ ಕೆಲಸ ಮುಗಿಯಿತು. ಸೊರಬದಲ್ಲಿ ನಮ್ಮ ಭಾವನದು ಟೈಲರ್ ಅಂಗಡಿ. ಭಾವ ಎಂದರೆ ನನ್ನ ಸ್ವಂತ ಅಕ್ಕನ ಗಂಡ. ಅವರೂ ಅಮಾವಾಸ್ಯೆಗೆ ಹೊಲಿಗೆ ಮೆಷಿನ್ನಿಗೆ ಪೂಜೆ ಮಾಡಿ ಅಂಗಡಿಗೆ ಬೀಗ ಹಾಕುತ್ತಿದ್ದರು. ಯಂತ್ರಗಳಿಗೆ ರಜ ಇರುವ ಆ ದಿನ ನಾವಿಬ್ಬರೂ ಸೇರುತ್ತಿದ್ದೆವು. ಒಂದು ಅಮಾವಾಸ್ಯೆಗೆ ನಾನು ಸೊರಬಕ್ಕೆ ಹೋದರೆ ಮುಂದಿನದಕ್ಕೆ ಅವರು ಶಿಕಾರಿಪುರಕ್ಕೆ. ಸೇರಿ ಮಾಡುತ್ತಿದ್ದ ಘನಕಾರ್ಯ ಯಾವುದೆಂದರೆ, ಮೂರು ಭಾಗಗಳಲ್ಲಿ ಬಂದ ಸಿನಿಮಾಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಜಗಳವಾಡುವುದು.

ನೀವು ನಗಬಹುದು. ಐವತ್ತು ದಾಟಿದ ಗಿರಣಿಯವನಿಗೂ ಅರವತ್ತು ದಾಟಿದ ಟೈಲರಿಗೂ ಇದೆಂಥ ಉದ್ಯೋಗ ಎಂದು ನನ್ನ ಹೆಂಡತಿ ಸುಮಾ ಪ್ರತಿ ಅಮಾವಾಸ್ಯೆಗೂ ಕೇಳುತ್ತಿದ್ದಳು. ನಾನು ಓದಿದ್ದು ಹತ್ತನೇ ಕ್ಲಾಸು. ಭಾವ ಅಷ್ಟೂ ಓದಿದವರಲ್ಲ. ಸಿನಿಮಾ ಹೇಗೆ ತೆಗೆಯುತ್ತಾರೆ, ಯಾರು ದುಡ್ಡು ಹಾಕುತ್ತಾರೆ ಎಂಬುದೆಲ್ಲ ಇಬ್ಬರಿಗೂ ಗೊತ್ತಿರಲಿಲ್ಲ. ಕೂತು ನೋಡಿದ್ದು ಮಾತ್ರ ಗೊತ್ತು. ಜಗಳಕ್ಕೆ ಅದು ಧಾರಾಳವಾಯಿತು.

ಸಿನಿಮಾಗಳ ನಿಜವಾದ ಹೆಸರನ್ನು ನಾವು ಎಂದೂ ಹೇಳುತ್ತಿರಲಿಲ್ಲ. ಭಾವನ ಪಕ್ಷದ್ದು ‘ಬಾಗಿಲು’, ನನ್ನ ಪಕ್ಷದ್ದು ‘ಲಾರಿ’. ಬಾಗಿಲು ಹೆದರಿಕೆಯ ಸಿನಿಮಾ. ಮೊದಲನೆಯ ಭಾಗದಲ್ಲಿ ಒಂದು ಹಳೇ ಮನೆ, ಅದರಲ್ಲೊಂದು ಬೀಗ ಹಾಕಿದ ಕೋಣೆ. ಸಂಜೆಯಾದರೆ ಆ ಕೋಣೆಯ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟುತ್ತಾರೆ. ಯಾರೂ ತೆಗೆಯುವುದಿಲ್ಲ. ಮನೆಯವರು ಗಂಟುಮೂಟೆ ಕಟ್ಟಿಕೊಂಡು ಮನೆ ಬಿಟ್ಟು ಹೋಗುತ್ತಾರೆ, ಸಿನಿಮಾ ಮುಗಿಯುತ್ತದೆ. ಎರಡನೆಯದರಲ್ಲಿ ಬಾಗಿಲು ತೆಗೆಯುತ್ತಾರೆ. ಒಳಗೆ ಏನೂ ಇರುವುದಿಲ್ಲ. ಮೂರನೆಯದರಲ್ಲಿ ಆ ಮನೆಯ ಯಜಮಾನ ಮುದುಕನಾಗಿ, ಹೇಗೋ ಅದೇ ಕೋಣೆಯೊಳಗೆ ಸಿಕ್ಕಿಹಾಕಿಕೊಂಡು ತಾನೇ ಬಾಗಿಲು ತಟ್ಟುತ್ತಾನೆ. ಹೊರಗಿದ್ದವರು ಹೆದರಿ ತೆಗೆಯುವುದಿಲ್ಲ. ಮೊದಲನೆಯ ಭಾಗದಲ್ಲಿ ತಟ್ಟಿದ್ದು ಯಾರೆಂದು ಆಗ ನಮಗೆ ಹೊಳೆಯುತ್ತದೆ. ಲಾರಿಯಲ್ಲಿ ಇಂಥದ್ದೇನೂ ಇಲ್ಲ. ಒಬ್ಬ ಕ್ಲೀನರ್ ಡ್ರೈವರಾಗಿ ಹಳೇ ಲಾರಿಯೊಂದನ್ನು ಕೊಳ್ಳುವುದು ಒಂದನೆಯ ಭಾಗ. ಅವನ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟು, ಒಂದೇ ಲಾರಿಯನ್ನು ಒಬ್ಬ ಹಗಲು, ಒಬ್ಬ ರಾತ್ರಿ ಓಡಿಸುವುದು ಎರಡನೆಯದು. ಮೂರನೆಯದರಲ್ಲಿ ಮಗಳು ಸ್ಟಿಯರಿಂಗ್ ಹಿಡಿಯುತ್ತಾಳೆ.

ಭಾವನ ಲೆಕ್ಕಾಚಾರವೆಲ್ಲ ಅಂಗಡಿಯಿಂದ ಬರುತ್ತಿತ್ತು. ಮೊದಲನೆಯ ಭಾಗ ಅಳತೆ, ಎರಡನೆಯದು ಕತ್ತರಿ, ಮೂರನೆಯದು ಹೊಲಿಗೆ ಎನ್ನುವರು. ಅಳತೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಕತ್ತರಿ ಹಾಕುವಾಗ ಕೈ ನಡುಗದಿದ್ದರೆ ಅವನು ಟೈಲರೇ ಅಲ್ಲ ಎನ್ನುವರು. ಹಾಗಾದರೆ ಕಾಜಾ ಗುಂಡಿ ಯಾವ ಭಾಗ ಎಂದು ನಾನು ಕೇಳಿದರೆ, ಅದು ನಿಮ್ಮಂಥ ಗಿರಾಕಿಗಳು ಹಾಕುವ ಸೀಟಿ, ಸಿನಿಮಾಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಉತ್ತರ ಬರುತ್ತಿತ್ತು. ನನ್ನ ಮಗಳು ಕಾವ್ಯ ಇಲ್ಲೇ ಡಿಗ್ರಿ ಓದುತ್ತಾಳೆ. ಅವಳು ಒಮ್ಮೆ ಮಂಜಿನ ದೇಶದ ಯಾವುದೋ ಮೂರು ಭಾಗದ ಸಿನಿಮಾ ತೋರಿಸಿ, ಜಗತ್ತೇ ಒಪ್ಪಿದ್ದು ಇದನ್ನು ಎಂದಳು. ಕೆಳಗೆ ಸಾಲು ಸಾಲಾಗಿ ಅಕ್ಷರ ಓಡುತ್ತಿತ್ತು. ಭಾವ ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿ, “ಓದೋದೇ ಆದ್ರೆ ಪೇಪರ್ ಬರುತ್ತಲ್ಲೇ ತಂಗಿ” ಎಂದರು. ಅಲ್ಲಿಗೆ ಜಗತ್ತಿನ ವಾದ ಬಿದ್ದುಹೋಯಿತು.

ಅವರ ಮುಖ್ಯ ತಕರಾರು ಮಾತ್ರ ಯಾವತ್ತೂ ಒಂದೇ.

“ನಿನ್ನ ಲಾರೀಲಿ ಹೆದರಿಕೆ ಎಲ್ಲಿದೆಯೋ? ಹೆದರಿಕೆ ಇಲ್ದಿದ್ದು ಮೂರಲ್ಲ, ಮೂವತ್ತು ಭಾಗ ಬಂದ್ರೂ ಅಷ್ಟೇಯ. ನೋಡಿ ಮನೆಗೆ ಬಂದಾಗ ಹಿತ್ಲಿಗೆ ಹೋಗಕ್ಕೆ ಜೊತೆ ಬೇಕು ಅನ್ನಿಸ್ಬೇಕು ಮಾರಾಯ.”

ಆ ಅಮಾವಾಸ್ಯೆಯೂ ಇದೇ ನಡೆಯಿತು. ಊಟ ಮಾಡಿ, ಗಿರಣಿಯ ಜಗುಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಮಧ್ಯಾಹ್ನವೆಲ್ಲ ಕಿತ್ತಾಡಿದೆವು. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗಲೂ ಮುಗಿದಿರಲಿಲ್ಲ. ಭಾವ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನ ಕಿಟಕಿಯಲ್ಲಿ, ನಾನು ಕೆಳಗೆ. ಲಾರಿ ಅಣ್ಣನಿಗೆ ಸೇರಬೇಕೋ ತಮ್ಮನಿಗೆ ಸೇರಬೇಕೋ ಎಂಬಲ್ಲಿಗೆ ಮಾತು ಬಂದಿತ್ತು. ಅವರ ಪಕ್ಕದ ಸೀಟಿನ ಹೆಂಗಸು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಇಬ್ಬರನ್ನೂ ನೋಡಿ ನೋಡಿ ಕೊನೆಗೆ ಕೇಳಿದರು.

“ಪಹಣಿ ಯಾರ ಹೆಸ್ರಿಗೈತ್ರೀ?”

“ಜಮೀನಲ್ಲವ್ವ, ಲಾರಿ” ಎಂದರು ಭಾವ.

“ಹಂಗಾದ್ರೆ ಆರ್ಸಿ ಬುಕ್ ಯಾರ ಹೆಸ್ರಿಗೈತೋ ಅವ್ರದೇ ಆತು. ಅದಕ್ಕ್ಯಾಕ್ ಬೀದ್ಯಾಗೆ ನಿಂತು ಬಡಿದಾಡ್ತೀರಿ, ನೆಂಟ್ರು ಅಲ್ವೇನ್ರೀ ನೀವು?”

ಬಸ್ಸು ಹೊರಟಿತು. ಭಾವ ಕಿಟಕಿಯಿಂದ ಕೈ ಹೊರಗೆ ಹಾಕಿ ಆ ಹೆಂಗಸಿನ ಕಡೆ ತೋರಿಸಿ ನಗುತ್ತಿದ್ದರು. ಅವರು ನನ್ನ ಜೊತೆ ಸಿನಿಮಾದ ಬಗ್ಗೆ ಮನಸ್ಸು ಬಿಚ್ಚಿ ಜಗಳವಾಡಿದ ಕೊನೆಯ ದಿನ ಅದು ಎಂದು ನನಗಾಗಲಿ ಬಸ್ಸಿಗಾಗಲಿ ಗೊತ್ತಿರಲಿಲ್ಲ.

ಮಾರನೆಯ ದಿನ ಜೋಳದ ಗಿರಾಕಿಗಳು ಕರಗಿದ ಮೇಲೆ ಮೋಟರ್ ನಿಲ್ಲಿಸಿ ಫೋನ್ ಮಾಡಿದೆ. ರಾತ್ರಿಯೆಲ್ಲ ಒಂದು ಹೊಸ ಅಸ್ತ್ರ ಮಸೆದಿಟ್ಟಿದ್ದೆ. ಬಾಗಿಲು ಸಿನಿಮಾದ ಎರಡನೆಯ ಭಾಗದಲ್ಲಿ ಕೋಣೆ ಖಾಲಿ ಎಂದು ತೋರಿಸಿದ ಮೇಲೆ ಹೆದರಿಕೆ ಅಲ್ಲಿಗೇ ಸತ್ತುಹೋಯಿತಲ್ಲ, ಮೂರನೆಯದು ಬರೀ ದುಡ್ಡಿಗೆ ತೆಗೆದದ್ದು ಎಂದು ಹೇಳಿದೆ. ಇಷ್ಟು ಹೇಳಿ, ಬೈಗುಳ ಬರುತ್ತದೆಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

ಬೈಗುಳ ಬರಲಿಲ್ಲ. ಭಾವ ಹೇಳಿದರು: “ಇರ್ಬೋದು. ನೀ ಹೇಳಿದ್ದೇ ಸರಿ ಬಿಡು.”

ಒಳಗೆ ಬಂದು ಸುಮಾಳಿಗೆ, ಇವತ್ತು ಭಾವ ಸೋತರು ಎಂದು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. “ಒಪ್ಕೊಂಡ್ರಾ? ಹುಷಾರಿದಾರಂತೇನ್ರೀ?” ಎಂದಳು. ತಮಾಷೆಗೇ ಹೇಳಿದ್ದು. ಹೇಳಿದ ಮೇಲೆ ಅವಳೂ ನಗಲಿಲ್ಲ, ನಾನೂ ನಗಲಿಲ್ಲ.

ಹೆದರಿಕೆಗೂ ನನಗೂ ಹಳೇ ನಂಟು. ಬಾಗಿಲಿನ ಮೊದಲ ಭಾಗವನ್ನು ನಾನು ನೋಡಿದ್ದು ಸೊರಬದ ಟೆಂಟಿನಲ್ಲಿ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು, ಬೇಸಿಗೆ ರಜಕ್ಕೆ ನನ್ನನ್ನು ಅವಳ ಮನೆಗೆ ಕಳಿಸಿದ್ದರು. ಹೊಸ ಭಾವ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆಂದರೆ ಅದು ದೊಡ್ಡ ಮರ್ಯಾದೆ. ಅಕ್ಕನೂ ಬಂದಿದ್ದಳು. ಅಕ್ಕ ಸಿನಿಮಾಕ್ಕೆ ಬರುವುದೇ ನಿದ್ದೆ ಮಾಡಲು. ಹೆಸರು ತೋರಿಸುವಷ್ಟರಲ್ಲಿ ಅವಳ ತಲೆ ಭಾವನ ಹೆಗಲಿಗೆ ಬಿದ್ದಿರುತ್ತಿತ್ತು. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್, ರೀಲು ಬದಲಿಸಬೇಕಾದಾಗ ದೀಪ ಹತ್ತುತ್ತಿತ್ತು. ಕೋಣೆಯ ಬಾಗಿಲು ದಡದಡ ಬಡಿದುಕೊಂಡು, ಮನೆಯ ಯಜಮಾನ ಕೈಯನ್ನು ಮೆಲ್ಲಗೆ ಚಿಲಕದ ಹತ್ತಿರ ಒಯ್ದ. ಅಷ್ಟಕ್ಕೆ ಸರಿಯಾಗಿ ರೀಲು ಮುಗಿಯಿತು. ದೀಪ ಬಂತು. ಇಡೀ ಟೆಂಟು ಉಸಿರು ಬಿಟ್ಟಿತು. ಹಿಂದಿನಿಂದ ಯಾರೋ ಗಂಡಸು, ಮುಂದಿನ ರೀಲು ಹಾಕಬೇಡ ಮಾರಾಯ, ಹೀಗೇ ಇರಲಿ ಎಂದು ಕೂಗಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನನಗೆ ಅವನ ಮಾತು ನ್ಯಾಯವಾಗಿ ಕಂಡಿತ್ತು.

ಅಕ್ಕನ ಮನೆಯಲ್ಲೂ ಒಂದು ಕೋಣೆ ಇತ್ತು. ಭತ್ತದ ಮೂಟೆ ಇಡುವುದು, ಕಿಟಕಿ ಇಲ್ಲ, ಇಲಿಗಳ ಓಡಾಟ. ನನ್ನ ಹಾಸಿಗೆ ಅದರ ಎದುರಿಗೇ. ಆ ರಜ ಮುಗಿಯುವವರೆಗೂ ಸಂಜೆಯಾದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಭಾವನಿಗೆ ರೋಗ ಗೊತ್ತಾಯಿತು. ಅವರು ಏನೂ ಅನ್ನಲಿಲ್ಲ. ಅಂಗಡಿಯಿಂದ ಗುಂಡಿ ಹಾಕುವ ಅಂಗಿಗಳನ್ನು ಮನೆಗೆ ತಂದು, ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹೊಲಿಯತೊಡಗಿದರು. ಹೊಲಿಯುತ್ತ, ಒಳಗಿರುವವನು ಈಗ ತಟ್ಟಿದರೆ ತನ್ನ ಬೆನ್ನಿಗೇ ತಟ್ಟಬೇಕು, ತನಗೆ ಬೆನ್ನು ನೋವು, ತಟ್ಟಿದರೆ ಒಳ್ಳೆಯದೇ ಆಯಿತು ಎಂದರು. ಈಗ ಈ ವಯಸ್ಸಿನಲ್ಲೂ ಗಿರಣಿಯ ಹಿಂದಿನ ಕತ್ತಲ ಮೂಲೆಗೆ ಬೆಲ್ಟು ನೋಡಲು ಹೋಗುವಾಗ ನಾನು ಒಮ್ಮೆ ಕೆಮ್ಮಿ ಹೋಗುತ್ತೇನೆ. ಕಾವ್ಯ ಅದನ್ನು ಅಣಕಿಸುತ್ತಾಳೆ. ಯಾರಾದರೂ ಇದ್ದರೆ ಅವರಿಗೂ ಸೂಚನೆ ಕೊಡುವುದು ಸೌಜನ್ಯ ಎಂದು ನಾನು ಹೇಳುತ್ತೇನೆ.

ಇರಲಿ, ಮಾತು ಎಲ್ಲಿಗೋ ಹೋಯಿತು. ಭಾವ ಒಪ್ಪಿಕೊಂಡ ಮಾರನೆಯ ದಿನ ಮತ್ತೆ ಫೋನ್ ಮಾಡಿದೆ. ಅಂಗಡಿ ಹೇಗಿದೆ ಎಂದರೆ ಇದೆ ಎಂದರು. ಬಾಗಿಲು ಸಿನಿಮಾಕ್ಕೆ ಹೆದರುವುದು ಮಕ್ಕಳು ಮಾತ್ರ ಎಂದೆ. ಹೌದು ಎಂದರು. ಅಕ್ಕನಿಗೆ ಫೋನ್ ಕೊಡಿ ಎಂದೆ. ಅವಳು ಅಡುಗೆಮನೆಗೆ ಹೋಗಿ ದನಿ ತಗ್ಗಿಸಿ, ಊಟ ಅರ್ಧಕ್ಕೆ ಬಿಡುತ್ತಾರೆ, ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ, ಕೇಳಿದರೆ ಗ್ಯಾಸು ಎನ್ನುತ್ತಾರೆ ಎಂದಳು. ಹೇಳಿ, “ನಾ ಹೇಳಿದ್ದಕ್ಕೆಲ್ಲ ಹೂಂ ಅಂತಾರೆ ಕಣೋ. ಹಿಂಗೆ ಯಾವತ್ತೂ ಇರ್ಲಿಲ್ಲ” ಎಂದಳು.

ಅಕ್ಕನಿಗೂ ಅದೇ ಹೆದರಿಕೆ ಹಿಡಿದಿತ್ತು.

ಗಿರಣಿಗೆ ಬೀಗ ಹಾಕಿ ಸೊರಬದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಭಾವ ಮೆಷಿನ್ನಿನ ಮುಂದೆ ಕೂತಿದ್ದರು. ಸೂಜಿಗೆ ದಾರ ಇರಲಿಲ್ಲ. ಸ್ಕೂಲು ಶುರುವಾಗುವ ಸಮಯ, ಯೂನಿಫಾರಂ ಬಟ್ಟೆಗಳು ಕತ್ತರಿ ಕಾಣದೆ ಮಡಿಸಿದಂತೆಯೇ ಇದ್ದವು. ನನ್ನನ್ನು ನೋಡಿ, ಇದೇನು ಅಮಾವಾಸ್ಯೆ ಇಲ್ಲದೆ ಬಂದೆ ಎಂದರು. ಆ ಮಾತು ಕೇಳಿ ಒಂದು ಕ್ಷಣ ಸಮಾಧಾನವಾಯಿತು. ಆದರೆ ನಾನು ಶಿವಮೊಗ್ಗಕ್ಕೆ ಹೋಗಿ ತೋರಿಸೋಣ ಎಂದಾಗ ಅವರು ಅದಕ್ಕೂ ಆಯಿತು ಎಂದುಬಿಟ್ಟರು. ಹಲ್ಲು ಕೀಳಿಸುವುದಕ್ಕೆ ಒಂದು ವರ್ಷ ವಾದ ಮಾಡಿದ ಮನುಷ್ಯ. ಅವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಶಿವಮೊಗ್ಗದಲ್ಲಿ ನೋಡಿದವರು ಕರುಳಿನಲ್ಲಿ ಗಂಟಿದೆ ಎಂದರು. ತೆಗೆಯಬೇಕು, ತೆಗೆದ ಮೇಲೆ ಏನೆಂದು ಗೊತ್ತಾಗುತ್ತದೆ ಎಂದರು. ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು. ಆದರೆ ಆ ಹೊತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಚ್ಚು ನಂಬಿಕೆ ಬೇರು ಬಿಟ್ಟಿತು. ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಭಾವ ಮತ್ತೆ ನನ್ನ ಮೇಲೆ ವಾದಕ್ಕೆ ಬಿದ್ದರೆ ಉಳಿಯುತ್ತಾರೆ, ಹೂಂ ಎನ್ನುತ್ತಲೇ ಇದ್ದರೆ ಇಲ್ಲ. ರಿಪೋರ್ಟುಗಳು ಬರುತ್ತಿದ್ದವು, ಅವುಗಳಲ್ಲಿ ನನಗೆ ಏನೂ ತಿಳಿಯುತ್ತಿರಲಿಲ್ಲ. ಇದೊಂದು ನನಗೆ ತಿಳಿಯುವ ಪರೀಕ್ಷೆಯಾಗಿತ್ತು.

ಹಾಗಾಗಿ ಕೆಣಕಲು ಶುರುಮಾಡಿದೆ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಬಾಗಿಲು ಸಿನಿಮಾವನ್ನು ಬಾಯಿಗೆ ಬಂದಂತೆ ಬೈದೆ. ಅದರ ಹೀರೋ ಹೆದರಿದಾಗ ಆಕಳಿಸಿದಂತೆ ಕಾಣುತ್ತಾನೆ ಎಂದೆ. ಹಿನ್ನೆಲೆ ಸಂಗೀತ ನಮ್ಮ ಗಿರಣಿಯ ಸಡಿಲ ಬೆಲ್ಟಿನ ಹಾಗಿದೆ ಎಂದೆ. ಪಕ್ಕದ ಮಂಚದವರು ನಕ್ಕರು. ಭಾವ ಕಣ್ಣು ಮುಚ್ಚಿಕೊಂಡು, ಹೌದು, ಹಾಗೇ ಕೇಳುತ್ತೆ ಎಂದರು. ಬೇಕೆಂದೇ ತಪ್ಪು ಹೇಳತೊಡಗಿದೆ. ಮೊದಲನೆಯ ಭಾಗದ ಮನೆ ಹೆಂಚಿನದಾಗಿದ್ದರೆ ತಾರಸಿ ಎಂದೆ, ಮುದುಕಿ ಇದ್ದಲ್ಲಿ ಮುದುಕ ಎಂದೆ. ಹಿಂದೆಲ್ಲ ಒಂದು ಸೀರೆಯ ಬಣ್ಣ ತಪ್ಪು ಹೇಳಿದರೆ ಬಸ್ಸು ಹತ್ತಿದವರು ಇಳಿದು ಬಂದು ತಿದ್ದುತ್ತಿದ್ದರು. ಈಗ ಎಲ್ಲಕ್ಕೂ ಹೂಂ. ನಾನು ಒಂದೊಂದು ಸುಳ್ಳು ಹೇಳಿದಾಗಲೂ ಅವರ ಮುಖ ನೋಡುತ್ತಿದ್ದೆ. ಹೂಂ ಎಂದರೆ ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಬಿಡಲಾಗುತ್ತಿರಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಅಕ್ಕ ಎಳನೀರು, ತೊಳೆದ ಲೋಟ ಹಿಡಿದುಕೊಂಡು ಬಂದಳು. ನಾನು ಆಗ ಎರಡನೆಯ ಭಾಗದಲ್ಲಿದ್ದೆ.

“ಕೋಣೆ ಬೀಗ ಒಡೆಯೋದು ದೊಡ್ಡ ಮಗ ಅಲ್ವಾ ಭಾವ?”

“ಹೂಂ. ಮಗನೇ.”

ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಲೋಟ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡು ನಿಂತಳು.

“ಮಗ ಎಲ್ಲೋ? ಪೊಲೀಸ್ರು ಬಂದು ಒಡೆಯೋದು.”

“ಅದ್ರಲ್ಲಿ ಪೊಲೀಸೇ ಇಲ್ಲ ಅಕ್ಕ.”

“ಇದಾರೆ. ದೊಡ್ಡ ಮೀಸೆಯವ್ರು.”

“ಅದು ಪುರೋಹಿತರು. ನೀನ್ ಯಾವಾಗ ನೋಡ್ದೆ? ನೀ ಗೊರಕೆ ಹೊಡೀತಿದ್ದೆ.”

“ಮಧ್ಯ ಮಧ್ಯ ಕಣ್ ಬಿಡ್ತಿದ್ದೆ ನಾನು. ಪೊಲೀಸ್ರು ಕೋಲಲ್ಲಿ ಹೊಡ್ದು ಬೀಗ ಮುರೀತಾರೆ. ಬೇಕಾದ್ರೆ ಇವ್ರನ್ನ ಕೇಳು.”

ನಲವತ್ತು ವರ್ಷಗಳಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡದವಳು ಗಂಡನ ಸಿನಿಮಾ ಹಿಡಿದು ಹಾಗೆ ವಾದಿಸುತ್ತಿದ್ದಳು. ಪಕ್ಕದ ಮಂಚದವರು ಎದ್ದು ಕೂತರು. ನಾನು ದನಿ ಏರಿಸಿದೆ, ಅವಳೂ ಏರಿಸಿದಳು. ನರ್ಸು ಬಂದು ಬಾಗಿಲಲ್ಲಿ ನಿಂತಳು. ಆಗ ಭಾವ ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

“ಬೀಗ ಯಾರೂ ಒಡೆಯಲ್ಲ. ಸೊಸೆ ಕೀಲಿ ಹಾಕಿ ತೆಗೀತಾಳೆ. ಕೀಲಿ ಮೊದ್ಲಿಂದ್ಲೂ ಅವಳ ಸೆರಗಲ್ಲೇ ಇತ್ತು. ಇಬ್ರಿಗೂ ಗೊತ್ತಿಲ್ಲ, ಸುಮ್ನೆ ಬಾಯಿ ಹಾಕ್ತೀರಿ.”

ಅಕ್ಕ ತಟ್ಟನೆ ತಿರುಗಿ ಆಗಲೇ ತೊಳೆದಿದ್ದ ಲೋಟವನ್ನು ಮತ್ತೆ ತೊಳೆಯಲು ಹೋದಳು. ನನಗೆ ಎದ್ದು ಕುಣಿಯಬೇಕೆನಿಸಿತು. ಮಾತು ನಿಲ್ಲಬಾರದೆಂದು, ಕೀಲಿ ಇದ್ದವಳು ಮೊದಲೇ ಯಾಕೆ ತೆಗೆಯಲಿಲ್ಲ, ಕತೆಯಲ್ಲಿ ಅದೇ ತಪ್ಪು ಎಂದು ತಗಾದೆ ತೆಗೆದೆ. ಭಾವ ಕಣ್ಣು ಬಿಟ್ಟರು. ನನ್ನ ಕಡೆ ನೋಡಲಿಲ್ಲ, ಮೇಲೆ ಫ್ಯಾನನ್ನು ನೋಡುತ್ತಿದ್ದರು.

“ನಂಗೆ ಹೆದ್ರಿಕೆ ಆಗ್ತಿದೆ ಕಣೋ” ಎಂದರು.

ಸಿನಿಮಾದ ಮಾತಲ್ಲ ಅದು. ನನಗೆ ಗೊತ್ತಾಯಿತು. ಭತ್ತದ ಕೋಣೆಗೆ ಬೆನ್ನು ಕೊಟ್ಟು ಕೂತ ಮನುಷ್ಯ ಹಾಗೆ ಹೇಳಿದ್ದರು. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ: ಏನೂ ಆಗಲ್ಲ ಭಾವ.

“ಹೂಂ. ಏನೂ ಆಗಲ್ಲ” ಎಂದು ಅವರು ಒಪ್ಪಿಕೊಂಡರು.

ಮಾರನೆಯ ದಿನ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು, ಅಕ್ಕ ಹೊರಗೆ ಬೆಂಚಿನಲ್ಲಿ. ಆ ಬಾಗಿಲಿಗೆ ಮೇಲುಗಡೆ ಒಂದು ಸಣ್ಣ ಗಾಜಿತ್ತು, ಅದರ ಮೇಲೆ ಒಳಗಿನಿಂದ ಕಾಗದ ಅಂಟಿಸಿದ್ದರು. ಅಲ್ಲಿ ಕೂತು ನಾನು ಸಿನಿಮಾದ ಬಗ್ಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಗಿನಿಂದ ತಟ್ಟಿದ ಸದ್ದು ಬರುತ್ತದೆಯೋ ಎಂದು ಕೇಳಿಸಿಕೊಳ್ಳುತ್ತಿದ್ದೆ. ಟ್ರಾಲಿ ಗೋಡೆಗೆ ತಾಗಿದರೆ ಬೆಚ್ಚುತ್ತಿದ್ದೆ. ಅಕ್ಕ ಜಪ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಬಗ್ಗಿ ಕೇಳಿದರೆ ಅವಳು, ಪೊಲೀಸರು ಇದ್ದರು, ಇದ್ದರು ಎಂದು ಪಿಸುಗುಡುತ್ತಿದ್ದಳು. ನನಗೆ ನಗು ಬಂತು, ನಕ್ಕರೆ ಅಳು ಬರುತ್ತದೆಂದು ಹೆದರಿ ಸುಮ್ಮನಾದೆ.

ಆಪರೇಷನ್ ಆಯಿತು. ಸೊರಬಕ್ಕೆ ಕರೆದುಕೊಂಡು ಬಂದೆವು. ಕೆಲವು ದಿನ ಗಂಜಿ ಕುಡಿದರು, ಜಗುಲಿಗೆ ಬಂದು ಕೂತರು. ಒಂದು ಅಮಾವಾಸ್ಯೆಗೆ ನಾನು ಹೋದಾಗ, ಸರದಿ ಪ್ರಕಾರ ಈ ಸಲ ತಾನು ಬರಬೇಕಿತ್ತು ಎಂದು ತಕರಾರು ತೆಗೆದರು. ನಾನು ಸರದಿ ನನ್ನದೇ ಎಂದೆ. ಅಲ್ಲ ಎಂದರು. ಎಷ್ಟೋ ಹೊತ್ತು ಅದನ್ನೇ ಎಳೆದಾಡಿದೆವು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯಿಂದ ಹೊರಗೆ ನೋಡುತ್ತ, ಉಳಿದುಕೊಂಡರು ಎಂದು ನನಗೆ ನಾನೇ ಹೇಳಿಕೊಂಡೆ. ಸುಮಾಳಿಗೂ ಹಾಗೇ ಹೇಳಿದೆ. ಅವಳು ದೇವರ ಮುಂದೆ ದೀಪ ಹಚ್ಚಿದಳು.

ನನ್ನ ಪರೀಕ್ಷೆ ಸುಳ್ಳಾಯಿತು. ಒಂದು ಬೆಳಿಗ್ಗೆ, ರಾಗಿ ಬೀಸುತ್ತಿದ್ದಾಗ, ಜೇಬಿನಲ್ಲಿ ಫೋನು ನಡುಗಿತು. ಮೋಟರ್ ನಿಲ್ಲಿಸದೆ ಎತ್ತಿದೆ, ನಿಲ್ಲಿಸಿದರೆ ಕೇಳಿಸಿಬಿಡುತ್ತದೆ ಎಂದು. ಆದರೂ ಕೇಳಿಸಿತು. ಅಕ್ಕ, “ಬಾ” ಎಂದಿದ್ದಳು. ಅಷ್ಟೇ.

ಆಮೇಲಿನದನ್ನು ನಾನು ಬರೆಯುವುದಿಲ್ಲ. ಎಲ್ಲರ ಮನೆಯಲ್ಲಿ ನಡೆಯುವಂತೆಯೇ ನಡೆಯಿತು. ಊಟದ ದಿನ ಬಂದವರು ಭಾವನ ಹೊಲಿಗೆಯನ್ನು ಹೊಗಳಿದರು, ಗುಣವನ್ನು ಹೊಗಳಿದರು, ಅವರು ಯಾರ ಜೊತೆಗೂ ಒಂದು ಮಾತು ಎತ್ತರಿಸಿ ಆಡಿದವರಲ್ಲ ಎಂದರು. ನಾನು ಎಲೆಯ ಮುಂದೆ ಕೂತು, ಇದು ಶುದ್ಧ ಸುಳ್ಳು ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಈಗ ನನಗೆ ಹೊಸದೊಂದು ಹೆದರಿಕೆ ಹುಟ್ಟಿದೆ. ಎಲ್ಲರೂ ನನ್ನ ಮಾತಿಗೆ ಒಪ್ಪುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎಂದರೆ ಸುಮಾ ಮರುಮಾತಿಲ್ಲದೆ ಉಪ್ಪು ತಂದಿಡುತ್ತಾಳೆ. ಮೊದಲಾಗಿದ್ದರೆ ನಾಲಿಗೆಗೆ ಹಿಟ್ಟು ಮೆತ್ತಿದೆ ಎನ್ನುತ್ತಿದ್ದಳು. ಗಿರಣಿಗೆ ಬರುವವರು ಹಿಟ್ಟು ತರಿಯಾಯಿತೆಂದು ಬೈಯುತ್ತಿಲ್ಲ. ಕಾವ್ಯಳ ಎದುರು ಒಂದು ಸಂಜೆ, ಮೂರು ಭಾಗದ ಸಿನಿಮಾಗಳಲ್ಲಿ ಲಾರಿಯನ್ನು ಮೀರಿದ್ದು ಜಗತ್ತಿನಲ್ಲೇ ಇಲ್ಲ ಎಂದು ಜೋರಾಗಿ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಿ, ಹೌದಪ್ಪ, ನಿಮ್ಮದೇ ಸರಿ ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಅವಳು ಹುಷಾರಾಗಿದ್ದಾಳೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡುವಷ್ಟು ಗಾಬರಿಯಾಯಿತು ನನಗೆ. 

ಹಾಗಾಗಿ ವಾದವನ್ನು ನಾನೊಬ್ಬನೇ ನಡೆಸುತ್ತಿದ್ದೇನೆ. ಗಿರಣಿ ಓಡುವಾಗ ಬಾಯಿಬಿಟ್ಟು ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ. ಎರಡು ಪಕ್ಷವನ್ನೂ ನಾನೇ ಆಡುತ್ತೇನೆ. ಭಾವನ ಮಾತುಗಳೆಲ್ಲ ನನಗೆ ಬಾಯಿಪಾಠ. ಅಳತೆ, ಕತ್ತರಿ, ಹೊಲಿಗೆಯ ಮಾತು, ಹಿತ್ತಿಲಿಗೆ ಜೊತೆ ಬೇಕೆನ್ನುವ ಮಾತು, ಎಲ್ಲಿ ಎಲೆಯಡಿಕೆ ಉಗುಳಲು ನಿಲ್ಲಿಸುತ್ತಿದ್ದರು ಎಂಬುದೂ ಕೂಡ. ಒಂದು ದಿನ ಮೆಣಸಿನಕಾಯಿ ಕುಟ್ಟಿಸಲು ಬಂದಿದ್ದ ಅಜ್ಜಿ ನನ್ನ ತುಟಿ ಅಲುಗುವುದನ್ನು ನೋಡಿ, ಮಂತ್ರ ಹೇಳುತ್ತ ಬೀಸುವುದು ಒಳ್ಳೆಯ ಪದ್ಧತಿ ಎಂದು ಮೆಚ್ಚಿ ಹೋಯಿತು.

ಹೋದ ವಾರ ಕರೆಂಟು ಇರಲಿಲ್ಲ. ಜಗುಲಿಯಲ್ಲಿ ಕೂತು ಫೋನಿನಲ್ಲಿ ಲಾರಿಯ ಮೂರನೆಯ ಭಾಗ ಹಾಕಿದೆ. ಬಾಗಿಲು ಸಿನಿಮಾ ಹಾಕುವ ಧೈರ್ಯ ಇನ್ನೂ ಬಂದಿಲ್ಲ. ಲಾರಿಯಲ್ಲಿ ಕೊನೆಗೆ ಘಟ್ಟ ಇಳಿಯುವ ದೃಶ್ಯ ಒಂದಿದೆ. ಲೋಡು ಗಾಡಿ, ಬ್ರೇಕು ಹಿಡಿಯುತ್ತಿಲ್ಲ, ಮಗಳ ಕೈಯಲ್ಲಿ ಸ್ಟಿಯರಿಂಗು. ಪಕ್ಕದಲ್ಲಿ ಮುದಿ ಅಪ್ಪ. ಅವನು ಒಂದೇ ಒಂದು ಮಾತಾಡುವುದಿಲ್ಲ. ಅವಳು ಗೇರು ಇಳಿಸಲೇ ಎಂದರೆ ತಲೆಯಾಡಿಸುತ್ತಾನೆ, ಎಡಕ್ಕೆ ಒತ್ತಲೇ ಎಂದರೂ ತಲೆಯಾಡಿಸುತ್ತಾನೆ. ಎಷ್ಟೋ ಸಲ ನೋಡಿದ್ದೇನೆ. ಅದು ಹಳೇ ಡ್ರೈವರನ ಗಟ್ಟಿತನ ಎಂದೇ ತಿಳಿದಿದ್ದೆ. ಭಾವನೆದುರು ಹಾಗೆಂದೇ ಹೊಗಳಿದ್ದೆ. ಈ ಸಲ ಅಪ್ಪನ ಕೈ ಕಣ್ಣಿಗೆ ಬಿತ್ತು. ಮಗಳಿಗೆ ಕಾಣದ ಕಡೆ, ಬಾಗಿಲಿನ ಬದಿಗೆ, ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಬೆರಳುಗಳು ಬಿಳುಚಿವೆ. ಅವನಿಗೆ ಪ್ರಾಣವೇ ಹಾರಿಹೋಗುವಷ್ಟು ಹೆದರಿಕೆ. ಅದು ಅವಳಿಗೆ ತಿಳಿಯಬಾರದೆಂದು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಾನೆ.

ಮುಂದಕ್ಕೆ ಓಡಿಸದೆ ಫೋನನ್ನು ಅಲ್ಲೇ ನಿಲ್ಲಿಸಿ ಆ ಕೈಯನ್ನು ನೋಡುತ್ತ ಕೂತೆ. ಲಾರಿಯಲ್ಲಿ ಹೆದರಿಕೆ ಎಲ್ಲಿದೆ ಎಂದು ಭಾವ ಅಷ್ಟು ವರ್ಷ ಕೇಳಿದ್ದಕ್ಕೆ ಉತ್ತರ ನನ್ನ ಅಂಗೈಯಲ್ಲಿತ್ತು. ಇಂಥ ಮಾತು ಈ ವಾದದಲ್ಲಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಒಳಗೆ ಹೋಗಿ ಸುಮಾಳಿಗೆ ತೋರಿಸಿದೆ. ಹೌದಲ್ಲ ಎಂದಳು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು, ಇರಬಹುದು ಕಣೋ ಎಂದಳು.

ಭಾವ ಇರಬಹುದು ಎನ್ನುತ್ತಿರಲಿಲ್ಲ. ಏನೋ ಒಂದು ಹೇಳುತ್ತಿದ್ದರು, ನನ್ನ ಮಾತನ್ನು ಬುಡಸಮೇತ ಕಿತ್ತುಹಾಕುವಂಥದ್ದು. ಕರೆಂಟು ಬಂದ ಮೇಲೆ ಮೋಟರ್ ಹಾಕಿ, ಈ ಪಕ್ಷದಲ್ಲಿ ನಿಂತು ಹೇಳಿ, ಆ ಪಕ್ಷಕ್ಕೆ ಹೋಗಿ ನಿಂತು ಉತ್ತರಕ್ಕೆ ಕಾದೆ. ಹಳೆಯ ಮಾತುಗಳೇ ಬಂದವು. ಇದಕ್ಕೆ ಭಾವ ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತಿಲ್ಲ.